ಕೋಣದ ಕಪ್ಪು, ನೀರಿನ ಬಿಳುಪು: ಕಂಬಳ ಫೋಟೊ ಎಡಿಟಿಂಗ್, ನನ್ನ ಅನುಭವ

ಕಂಬಳದ ಫೋಟೊ ಚೆನ್ನಾಗಿ ಬರಬೇಕಾದರೆ 70-200 ಎಫ್ 2.8 ಲೆನ್ಸೇ (ದೂರದ್ದನ್ನು ಹತ್ತಿರ ತರುವ, ಬೆಳಕು ಜಾಸ್ತಿ ಒಳಬಿಡುವ ದುಬಾರಿ ಜೂಮ್) ಬೇಕು ಅಂತ ನಮ್ಮ ಕಡೆಯ ಫೋಟೊಗ್ರಾಫರುಗಳು ಹೇಳುತ್ತಲೇ ಇದ್ದರು. ಸೆಕೆಂಡ್ ಹ್ಯಾಂಡ್ ಕೇಳಿದರೂ 80 ಸಾವಿರದ ಹತ್ತಿರ. ನನ್ನಲ್ಲಿ ಇದ್ದದ್ದು ಸುಮಾರು 9 ಸಾವಿರಕ್ಕೆ ಕೊಂಡ ಹಳೇ 55-250 ಜೂಮ್ ಲೆನ್ಸ್. "ಎಡಿಟ್ ಮಾಡಿ ಎಷ್ಟು ಸರಿ ಮಾಡ್ತೀರಿ ಮಾರಾಯ್ರೆ" ಅಂತ ನಕ್ಕವರೂ ಇದ್ದಾರೆ. ಅದೇ ಲೆನ್ಸಿನಲ್ಲಿ ತೆಗೆದ ಹಗ್ಗ ಹಿರಿಯದ (ಹಿರಿಯ ಕೋಣಗಳ ಹಗ್ಗದ ಓಟ) ಫೋಟೊ ಈಗ ಕೋಣದ ಒಬ್ಬ ಯಜಮಾನರ ಚಾವಡಿ ಗೋಡೆಯಲ್ಲಿದೆ.

ಕಷ್ಟ ಏನು ಅಂತ ಕರೆಯ (ಕೋಣ ಓಡುವ ಕೆಸರಿನ ಓಣಿ) ಬದಿಯಲ್ಲಿ ನಿಂತವರಿಗೆ ಗೊತ್ತು. ಕೋಣ ಕಡುಕಪ್ಪು, ಹಾರುವ ನೀರು ಬೆಳ್ಳಗೆ. ಫ್ರೇಮ್ ತುಂಬ ಕೋಣ ಬಂದರೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಕತ್ತಲೆ ಅಂದುಕೊಂಡು ಎಕ್ಸ್‌ಪೋಜರ್ ಏರಿಸಿಬಿಡುತ್ತದೆ. ನೀರೆಲ್ಲ ಸುಣ್ಣ ಬಳಿದ ಹಾಗೆ ಆಗುತ್ತದೆ. ಮೊದಮೊದಲು ಜೆಪೆಗ್‌ನಲ್ಲೇ ತೆಗೆದು ಶ್ಯಾಡೋ (ಕತ್ತಲೆ ಭಾಗ) ಎತ್ತಿದೆ, ಅಂದರೆ ಬೆಳಗಿಸಿದೆ. ಕೋಣದ ಮೈ ತುಂಬ ಚೌಕ ಚೌಕ ಕಲೆ. ಎಡಿಟಿಂಗ್‌ನಲ್ಲಿ ಆಟೋ ಬಟನ್ ಒತ್ತಿದರೆ ಕೋಣ ಬೂದಿ ಬಣ್ಣ. "ಇದು ನಮ್ಮ ಕೋಣ ಅಲ್ಲ" ಅಂದರು ಯಜಮಾನರು. ದುಡ್ಡೂ ಕೊಡಲಿಲ್ಲ. ಆಮೇಲೆ 4 ಸಾವಿರ ಕೊಟ್ಟು ಒಂದು ವರ್ಕ್‌ಶಾಪ್‌ಗೆ ಹೋದೆ. ಅಲ್ಲಿ ಹೇಳಿದ್ದೆಲ್ಲ ಮದುಮಗಳ ಮುಖ ನುಣ್ಣಗೆ ಮಾಡುವುದು. ಕೆಸರಿಗೆ ಅದು ಯಾಕೆ?

ಕೊನೆಗೆ ದಾರಿ ಸಿಕ್ಕಿದ್ದು ಡಾರ್ಕ್‌ಟೇಬಲ್‌ನಲ್ಲಿ. ಫೋಟೊ ಎಡಿಟ್ ಮಾಡುವ ಬಿಟ್ಟಿ ಸಾಫ್ಟ್‌ವೇರ್. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ತೆವಳಿಕೊಂಡಾದರೂ ಓಡುತ್ತದೆ. ಹಗಲಿನ ಓಟ ರಾ ಫೈಲಿನಲ್ಲೇ (ಸೆನ್ಸರ್ ಕಂಡದ್ದನ್ನು ಜೆಪೆಗ್ ಮಾಡದೆ ಹಾಗೇ ಇಡುವ ಫೈಲು) ತೆಗೆಯುತ್ತೇನೆ. ಎಕ್ಸ್‌ಪೋಜರ್ ಕಾಂಪೆನ್ಸೇಶನ್ ಮುಕ್ಕಾಲರಿಂದ ಒಂದು ಸ್ಟಾಪ್ ಕಡಿಮೆ (ಒಂದು ಸ್ಟಾಪ್ ಕಡಿಮೆ ಅಂದರೆ ಅರ್ಧ ಬೆಳಕು). ಕ್ಯಾಮೆರಾದ ಪರದೆಯಲ್ಲಿ ಫೋಟೊ ಕತ್ತಲೆ ಕಾಣುತ್ತದೆ, ಹೆದರಬೇಡಿ. ನೀರು ಉಳಿದರೆ ಸಾಕು, ಕೋಣವನ್ನು ಮನೆಗೆ ಬಂದು ಎತ್ತಬಹುದು. ಡಾರ್ಕ್‌ಟೇಬಲ್‌ನ ಟೋನ್ ಈಕ್ವಲೈಸರ್‌ನಲ್ಲಿ ಶ್ಯಾಡೋ ಎತ್ತಿ, ಆಮೇಲೆ ಬ್ಲ್ಯಾಕ್ ಪಾಯಿಂಟ್ (ಪೂರ್ತಿ ಕಪ್ಪು ಎಲ್ಲಿಂದ ಅನ್ನುವ ಮಟ್ಟ) ಮತ್ತೆ ಕೆಳಗೆ ಒತ್ತುತ್ತೇನೆ. ಹಾಗೆ ಒತ್ತಿದಾಗಲೇ ಎಣ್ಣೆ ಹಚ್ಚಿದ ಮೈಯ ಮಿಂಚು ಬರುವುದು. ಸಣ್ಣ ವಿವರ ಎತ್ತಿ ತೋರಿಸುವ ಲೋಕಲ್ ಕಾಂಟ್ರಾಸ್ಟ್, ಮಾಸ್ಕ್ ಹಾಕಿ (ಆ ಭಾಗ ಗುರುತು ಮಾಡಿ) ಮೈಗೆ ಮಾತ್ರ. ಪೂರ್ತಿ ಫೋಟೊಗೆ ಕೊಟ್ಟರೆ ಕೆಸರಿನ ಹನಿಗಳೇ ಎದ್ದು ಕಾಣುತ್ತವೆ. ಸ್ಯಾಚುರೇಶನ್ (ಬಣ್ಣದ ಗಾಢತೆ) ಮುಟ್ಟುವುದೇ ಇಲ್ಲ. ಏರಿಸಿದರೆ ಕೆಂಪು ಮಣ್ಣಿನ ನೀರು, ಅದರ ಜೊತೆ ಓಟಗಾರನ ಮೈಯೂ ಕಿತ್ತಳೆ ಆಗಿಬಿಡುತ್ತದೆ.

ಕಣ್ಣು, ಕೊಂಬಿನ ಅಂಚಿಗೆ ನಾನು ಬೇರೆ ಒಂದು ಕೆಲಸ ಮಾಡುತ್ತೇನೆ. ಅದನ್ನು ಸದ್ಯಕ್ಕೆ ಬರೆಯುವುದಿಲ್ಲ. ಇನ್ನೊಂದು ಸೀಸನ್ ಆಗಲಿ.

ರಾತ್ರಿ ಬೇರೆಯದೇ ತಲೆನೋವು. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಣುಗುತ್ತದೆ. 1/800 ಸೆಕೆಂಡಿನ ಶಟರಿನಲ್ಲಿ ತೆಗೆದರೆ ಒಂದು ಫೋಟೊ ಹಳದಿ, ಮುಂದಿನದು ಹಸಿರು. ಒಂದರ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣಲು ಮಾಡುವ ಬಣ್ಣದ ತಿದ್ದುಪಡಿ) ಎಲ್ಲದಕ್ಕೂ ಪೇಸ್ಟ್ ಮಾಡಿದರೆ ಕೆಡುತ್ತದೆ. ಕೋಣದ ಹಣೆಯ ಬಿಳಿ ಹಗ್ಗ, ಇಲ್ಲವಾದರೆ ಯಾರದಾದರೂ ಬಿಳಿ ಮುಂಡು ಹಿಡಿದು ಒಂದೊಂದನ್ನೇ ಸರಿ ಮಾಡಬೇಕು. ಬೇಸರದ ಕೆಲಸ, ಆದರೆ ಬೇರೆಯವರು ಮಾಡುವುದಿಲ್ಲ, ಅದಕ್ಕೇ ನನ್ನದು ಮಾರಾಟವಾಗುತ್ತದೆ.

ನಡುವೆ ಸುಮ್ನೆ ಕಪ್ಪು-ಬಿಳುಪು ಮಾಡಿ ನೋಡಿದೆ. ನನಗೆ ಬಹಳ ಹಿಡಿಸಿತು, ಯಾರೂ ಕೊಳ್ಳಲಿಲ್ಲ. ಗೆಳೆಯನೊಬ್ಬ ಕನೆಹಲಗೆಯ (ಹಲಗೆಯ ಮೇಲೆ ನಿಂತು ನೀರು ಎತ್ತರ ಚಿಮ್ಮಿಸುವ ವಿಭಾಗ) ಫೋಟೊದಲ್ಲಿ ನೀರನ್ನು ಕ್ಲೋನ್ ಮಾಡಿ ಇನ್ನಷ್ಟು ಎತ್ತರ ಹಾರಿಸಲು ಹೇಳಿದ. ಆರೂವರೆ ಕೋಲು, ಏಳೂವರೆ ಕೋಲಿನ (ಕೋಲು ಎತ್ತರದ ಅಳತೆ) ನಿಶಾನೆಗೆ ನೀರು ಮುಟ್ಟಿತೋ ಇಲ್ಲವೋ ಅನ್ನುವುದರ ಮೇಲೇ ಆ ಆಟ ನಿಂತಿದೆ. ಅದನ್ನು ಮಾತ್ರ ನಾನು ಮುಟ್ಟುವುದಿಲ್ಲ.

ಲೆಕ್ಕ ಹೇಳುತ್ತೇನೆ. ನನ್ನ ಲೆನ್ಸಿನ ಜೂಮ್ ಪೂರ್ತಿ 250ಕ್ಕೆ ಎಳೆದರೂ ದೂರದ ಕೋಣ ಚಿಕ್ಕದೇ, ಕ್ರಾಪ್ ಜಾಸ್ತಿ ಬೇಕು. 24 ಮೆಗಾಪಿಕ್ಸೆಲ್‌ನಲ್ಲಿ ಅಗಲ, ಎತ್ತರ ಎರಡೂ ಅರ್ಧ ಮಾಡಿದರೂ 6 ಉಳಿಯುತ್ತದೆ, 12×8 ಇಂಚಿನ ಪ್ರಿಂಟ್‌ಗೆ ಧಾರಾಳ. ಪ್ರಿಂಟು, ಫ್ರೇಮು ಸೇರಿ 350ರ ಆಸುಪಾಸು ಖರ್ಚು, 900ಕ್ಕೆ ಕೊಡುತ್ತೇನೆ. ಈ ಸೀಸನ್‌ನಲ್ಲಿ ಲೆನ್ಸಿನ ದುಡ್ಡು ಎರಡು ಪಟ್ಟು ವಾಪಸ್ ಬಂದಿರಬೇಕು. ಫ್ಲೆಕ್ಸ್‌ಗೆ ಕೇಳಿದವರಿಗೆ ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿಯೇ ಕಳಿಸಿ. ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ, ಬೈಗುಳ ನಮಗೆ.