10,000 ಕಿ.ಮೀ. ಅಂದ್ರೆ ಎಷ್ಟು ಗಂಟೆ? ಕಾರ್ ಸರ್ವೀಸ್ ಬಗ್ಗೆ ನನ್ನ ಅನುಭವ

ನಮ್ಮದು 1200 ಸಿಸಿ ಪೆಟ್ರೋಲ್ ಹ್ಯಾಚ್‌ಬ್ಯಾಕ್. ವಾರವಿಡೀ ಬೆಂಗಳೂರಿನಲ್ಲೇ ಓಡಾಟ: ಮನೆ, ಆಫೀಸು, ಮಗಳ ಸ್ಕೂಲು, ತರಕಾರಿ. ಹಬ್ಬಕ್ಕೋ ಮದುವೆಗೋ ತೀರ್ಥಹಳ್ಳಿ ಕಡೆಗೆ ಒಂದು ಉದ್ದದ ಪ್ರಯಾಣ. ಸರ್ವೀಸ್ ಯಾವಾಗ ಮಾಡಿಸಬೇಕು ಅಂತ ಕೇಳಿದ್ರೆ ಎಲ್ಲರೂ ಒಂದೇ ಉತ್ತರ ಕೊಡ್ತಾರೆ: 10,000 ಕಿ.ಮೀ. ಅಥವಾ 1 ವರ್ಷ, ಯಾವುದು ಮೊದಲೋ ಅದು. ಇದು ತಪ್ಪಲ್ಲ. ಆದರೆ ಬೆಂಗಳೂರಿನ 10,000 ಬೇರೆ, ಹೈವೇಯ 10,000 ಬೇರೆ. ನಾನು ಸರ್ವೀಸ್ ಅವಧಿಯನ್ನು ಗೊತ್ತು ಮಾಡಿಕೊಂಡಿದ್ದು ಈ ಲೆಕ್ಕದಿಂದಲೇ.

ಈಗಿನ ಬಹಳಷ್ಟು ಕಾರುಗಳಲ್ಲಿ ಮೀಟರ್ ಪಕ್ಕದ ಸಣ್ಣ ಪರದೆಯಲ್ಲಿ ಸರಾಸರಿ ವೇಗ ತೋರಿಸುತ್ತೆ. ಹೆಚ್ಚಿನವರು ಮೈಲೇಜ್ ಮಾತ್ರ ನೋಡ್ತಾರೆ, ಇದನ್ನು ನೋಡಲ್ಲ. ನಾನು ಆಯಿಲ್ ಬದಲಿಸಿದ ದಿನ ಅದನ್ನು ಸೊನ್ನೆಗೆ ತಂದು ಬಿಡ್ತೀನಿ. ಊರಿಗೆ ಹೋಗದೆ ಬರೀ ಸಿಟಿಯಲ್ಲಿ ಓಡಿಸಿದ್ರೆ ಅದು ಗಂಟೆಗೆ 17 ಕಿ.ಮೀ. ಆಸುಪಾಸಿನಲ್ಲಿ ನಿಲ್ಲುತ್ತೆ. ಈಗ ಭಾಗಿಸಿ ನೋಡಿ. 17ರ ಲೆಕ್ಕದಲ್ಲಿ 10,000 ಕಿ.ಮೀ. ಓಡೋಕೆ ಇಂಜಿನ್ ಸುಮಾರು 590 ಗಂಟೆ ಕೆಲಸ ಮಾಡಿರುತ್ತೆ. ಅದೇ ಗಾಡಿ ಹೈವೇಯಲ್ಲಿ 55ರ ಸರಾಸರಿಯಲ್ಲಿ ಓಡಿದ್ರೆ 180 ಗಂಟೆ ಸಾಕು. ಓಡೋಮೀಟರ್ ಎರಡಕ್ಕೂ ಒಂದೇ ಅಂಕಿ ತೋರಿಸುತ್ತೆ, ಆಯಿಲ್ ಮಾತ್ರ ಮೂರು ಪಟ್ಟು ದುಡಿದಿರುತ್ತೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಎಸಿ ಹಾಕಿಕೊಂಡು ನಿಂತಿರುವಾಗ ಕಿಲೋಮೀಟರ್ ಏರಲ್ಲ, ಇಂಜಿನ್ ಓಡ್ತಾನೇ ಇರುತ್ತೆ ಅಲ್ವಾ.

ಸಣ್ಣ ಸಣ್ಣ ಓಡಾಟದ್ದು ಇನ್ನೊಂದು ತೊಂದರೆ. ತಣ್ಣಗಿನ ಇಂಜಿನ್ ಶುರುವಾದಾಗ ಪೂರ್ತಿ ಉರಿಯದ ಪೆಟ್ರೋಲು ಮತ್ತು ನೀರಿನ ಆವಿ ಸ್ವಲ್ಪ ಸ್ವಲ್ಪವಾಗಿ ಆಯಿಲ್‌ಗೆ ಸೇರುತ್ತೆ. ಅರ್ಧ ಗಂಟೆಗಿಂತ ಜಾಸ್ತಿ ಚೆನ್ನಾಗಿ ಓಡಿಸಿದ್ರೆ ಆಯಿಲ್ ಬಿಸಿಯಾಗಿ ಅದೆಲ್ಲ ಆರಿ ಹೋಗುತ್ತೆ. ಸ್ಕೂಲಿಗೆ ಬಿಟ್ಟು ಬಂದು ಗಾಡಿ ಆಫ್ ಮಾಡೋದು ಅನ್ನ ಬೇಯುವ ಮೊದಲೇ ಒಲೆ ಆರಿಸಿದ ಹಾಗೆ. ಸೇರಿದ್ದು ಒಳಗೇ ಉಳಿಯುತ್ತೆ, ಆಯಿಲ್ ತೆಳ್ಳಗಾಗುತ್ತೆ, ಬರಬರುತ್ತಾ ಒಳಗೆಲ್ಲ ಕಪ್ಪು ಜಿಡ್ಡು ಕಟ್ಟುತ್ತೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಇರುವ ಬಿಎಸ್6 ಡೀಸೆಲ್ ಗಾಡಿಯವರು ಇನ್ನೂ ಹುಷಾರಾಗಿರಬೇಕು. ಫಿಲ್ಟರಿನಲ್ಲಿ ಕೂತ ಮಸಿ ಸುಡೋಕೆ ಅಂತ ಹೆಚ್ಚುವರಿಯಾಗಿ ಚಿಮ್ಮಿಸುವ ಡೀಸೆಲ್ ಆಯಿಲ್‌ಗೆ ಇಳಿಯಬಹುದು, ಆಗ ಡಿಪ್‌ಸ್ಟಿಕ್ಕಿನಲ್ಲಿ (ಆಯಿಲ್ ಎಷ್ಟಿದೆ ಅಂತ ನೋಡೋ ಕಡ್ಡಿ) ಮಟ್ಟ ಇಳಿಯೋ ಬದಲು ಏರುತ್ತೆ.

ಕಂಪನಿಗಳಿಗೆ ಇದೆಲ್ಲ ಗೊತ್ತಿಲ್ಲ ಅಂದ್ಕೋಬೇಡಿ. ಗ್ಲೋವ್ ಬಾಕ್ಸಿನಲ್ಲಿ ಮಲಗಿರೋ ಮ್ಯಾನುಯಲ್ ತೆಗೆದು ಸರ್ವೀಸ್ ಪಟ್ಟಿ ಇರುವ ಅಧ್ಯಾಯ ನೋಡಿ. ಸಾಮಾನ್ಯ ಪಟ್ಟಿ ಆದಮೇಲೆ ಹೆಚ್ಚಿನ ಮ್ಯಾನುಯಲ್‌ಗಳಲ್ಲಿ ಇನ್ನೊಂದು ಪಟ್ಟಿ ಇರುತ್ತೆ, ಕಠಿಣ ಪರಿಸ್ಥಿತಿಯದ್ದು. ಧೂಳಿನ ರಸ್ತೆ, ಸಣ್ಣ ದೂರ, ನಿಂತು ನಿಂತು ಓಡೋದು, ತುಂಬ ಹೊತ್ತು ಐಡಲ್ (ನಿಂತಲ್ಲೇ ಇಂಜಿನ್ ಓಡೋದು). ಇದು ಬೆಂಗಳೂರಿನ ವರ್ಣನೆಯೇ. ನನ್ನ ಮ್ಯಾನುಯಲ್‌ನಲ್ಲಿ ಅಂಥ ಗಾಡಿಗೆ ಆಯಿಲ್ 5,000 ಕಿ.ಮೀ.ಗೆ ಬದಲಿಸಿ ಅಂತಿದೆ. ಸರ್ವೀಸ್ ಸೆಂಟರಿನಲ್ಲಿ ಯಾರೂ ಆ ಪುಟ ನನಗೆ ತೋರಿಸಲಿಲ್ಲ.

ಹಾಗಾಗಿ ನಾನು ಪಾಲಿಸೋದು ಹೀಗೆ. ಆಯಿಲ್ ಮತ್ತು ಆಯಿಲ್ ಫಿಲ್ಟರ್ ಸುಮಾರು 300 ಗಂಟೆಗೆ. ಬರೀ ಸಿಟಿ ಓಡಾಟ ಇದ್ದರೆ ಅದು 5,000 ಕಿ.ಮೀ. ಹತ್ತಿರ ಬರುತ್ತೆ, ಊರಿಗೆ ಜಾಸ್ತಿ ಹೋಗಿದ್ರೆ 7,000 ದಾಟುತ್ತೆ. ಈ 300 ನಾನು ಇಟ್ಟುಕೊಂಡ ಅಂಕಿ, ಕಂಪನಿಯದ್ದಲ್ಲ. ಕಂಪನಿ ಹೇಳಿದ 10,000 ಅಥವಾ 1 ವರ್ಷವನ್ನು ಮಾತ್ರ ಯಾವತ್ತೂ ದಾಟಲ್ಲ, ಯಾಕಂದ್ರೆ ವಾರಂಟಿ ನಿಂತಿರೋದು ಅದರ ಮೇಲೆ. ಗಾಡಿ ವರ್ಷಕ್ಕೆ 2,000 ಕಿ.ಮೀ. ಮಾತ್ರ ಓಡಿದ್ರೂ ವರ್ಷಕ್ಕೊಮ್ಮೆ ಆಯಿಲ್ ಬದಲಿಸಲೇಬೇಕು. ನಡುವಿನ ಆಯಿಲ್ ಬದಲಾವಣೆಗೆ ಪೂರ್ತಿ ಸರ್ವೀಸ್ ಬೇಕಿಲ್ಲ. ರನ್ನಿಂಗ್ ರಿಪೇರಿ ಅಂತ ಬುಕ್ ಮಾಡಿ, ಆಯಿಲ್ ಮತ್ತು ಫಿಲ್ಟರ್ ಮಾತ್ರ ಅಂತ ಬರೆಸಿ. ತುಂಬಾ ಕಮ್ಮಿಯಲ್ಲಿ ಮುಗಿಯುತ್ತೆ.

ಆಯಿಲ್‌ಗಿಂತ ಜಾಸ್ತಿ ಜನ ಮರೆಯೋದು ಬ್ರೇಕ್ ಆಯಿಲ್. ಅದು ಗಾಳಿಯ ತೇವ ಹೀರಿಕೊಳ್ಳುತ್ತೆ, ತೇವ ಸೇರಿದಷ್ಟೂ ಬೇಗ ಕುದಿಯುತ್ತೆ. ತೀರ್ಥಹಳ್ಳಿಯಿಂದ ಉಡುಪಿಗೆ ಹೋಗ್ಬೇಕಂದ್ರೆ ಆಗುಂಬೆ ಘಾಟಿಯ 14 ತಿರುವು ಇಳೀಬೇಕು. ಗಾಡಿ ತುಂಬ ಜನ, ಡಿಕ್ಕಿ ತುಂಬ ಲಗೇಜು, ತಿರುವಿಗೊಮ್ಮೆ ಬ್ರೇಕು. ಅಲ್ಲಿ ಬ್ರೇಕ್ ಆಯಿಲ್ ಕುದಿದು ಪೆಡಲ್ ಮೆತ್ತಗಾದ್ರೆ ಏನು ಗತಿ? ಎರಡನೇ ಗೇರಿನಲ್ಲೇ ಇಳಿಸ್ತೀನಿ, ಅದು ಸರಿ. ಆದ್ರೂ 2 ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ ಅಂತ ಹೇಳಿ ಮಾಡಿಸ್ತೀನಿ. ಸುಮ್ನೆ ಮೇಲಿಂದ ಟಾಪ್ ಅಪ್ ಮಾಡಿದ್ರೆ ಪ್ರಯೋಜನ ಇಲ್ಲ. ಮಳೆಗಾಲಕ್ಕೆ ಮುಂಚೆ ವೈಪರ್, ಟೈರು. ಕೂಲೆಂಟ್, ಸ್ಪಾರ್ಕ್ ಪ್ಲಗ್ ಇವೆಲ್ಲ ಮ್ಯಾನುಯಲ್ ಹೇಳಿದಾಗ, ಅದಕ್ಕಿಂತ ಮುಂಚೆ ಬೇಡ.

ಇನ್ನು ಸರ್ವೀಸ್ ಸೆಂಟರ್. ಹೊಸದಾಗಿ ಗಾಡಿ ತಗೊಂಡವರಿಗೆ ಮೊದಲು ಹೇಳ್ಬೇಕಾದ್ದು: ಫ್ರೀ ಸರ್ವೀಸ್ ಅಂದ್ರೆ ಲೇಬರ್ ಮಾತ್ರ ಫ್ರೀ. ಆಯಿಲ್, ಫಿಲ್ಟರಿಗೆ ನಾವೇ ಕೊಡ್ಬೇಕು. ಬಿಲ್ ಉಬ್ಬೋದು ಆಯಿಲ್‌ನಿಂದಲೂ ಅಲ್ಲ, ಪಕ್ಕದಲ್ಲಿ ಸೇರಿಕೊಳ್ಳೋ ಬಾಬ್ತುಗಳಿಂದ. ಇಂಜಿನ್ ಫ್ಲಶ್ (ಇಂಜಿನ್ ಒಳಗೆ ತೊಳೆಯೋದು), ಡೀಕಾರ್ಬನೈಸಿಂಗ್ (ಒಳಗಿನ ಮಸಿ ತೆಗೆಯೋದು), ಎಸಿ ಡಿಸಿನ್‌ಫೆಕ್ಷನ್, ಅಂಡರ್‌ಬಾಡಿ ಕೋಟಿಂಗ್, ಆಯಿಲ್‌ಗೆ ಹಾಕೋ ಯಾವುದೋ ಡಬ್ಬಿ. ಪ್ರತಿಯೊಂದರ ಮೇಲೂ ಜಿಎಸ್‌ಟಿ.

ನಮ್ಮ ಸೆಂಟರಿನ ಅಡ್ವೈಸರ್ ಒಳ್ಳೆ ಹುಡುಗ, ಮರ್ಯಾದೆಯಿಂದ ಮಾತಾಡ್ತಾನೆ. ಪ್ರತಿ ಸಲ ಇದೇ ಮಾತು: "ಸಾರ್, ಇಂಜಿನ್ ಫ್ಲಶ್ ಮಾಡಿಸ್ಬಿಡಿ, ಪಿಕಪ್ ಸೂಪರ್ ಆಗತ್ತೆ."

ನಾನು ಹೇಳೋದೂ ಅದೇ: "ಮ್ಯಾನುಯಲ್‌ನಲ್ಲಿ ಯಾವ ಪುಟದಲ್ಲಿದೆ ತೋರಿಸಪ್ಪ, ಮಾಡಿಸೋಣ."

ಅಲ್ಲಿಗೆ ಮಾತು ಮುಗಿಯುತ್ತೆ. ಜಗಳ ಇಲ್ಲ, ದನಿ ಏರಿಸೋದಿಲ್ಲ. ಅವನಿಗೂ ತಿಂಗಳ ಟಾರ್ಗೆಟ್ ಇರುತ್ತೆ, ಅದಕ್ಕೇ ನಾನು ತಿಂಗಳ ಕೊನೆಯಲ್ಲೂ ಶನಿವಾರವೂ ಹೋಗಲ್ಲ. ವಾರದ ನಡುವೆ ಬೆಳಿಗ್ಗೆ ಮೊದಲ ಸ್ಲಾಟ್ ತಗೊಂಡ್ರೆ ಗಾಡಿ ಮುಟ್ಟುವವರಿಗೂ ಪುರುಸೊತ್ತಿರುತ್ತೆ, ಮೆಕ್ಯಾನಿಕ್ ಹತ್ತಿರ ಎರಡು ಮಾತಾಡೋಕೂ ಆಗುತ್ತೆ. ಗಾಜಿನ ರೂಮಿನಲ್ಲಿ ಕೂತು ಕಾಫಿ ಕುಡಿಯೋದಕ್ಕಿಂತ ಅದು ಎಷ್ಟೋ ಮೇಲು. ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ಅಂತ ಗಾಡಿ ಬಿಚ್ಚಿದವರನ್ನು ಕೇಳಿದ್ರೆ ನಿಜ ಗೊತ್ತಾಗುತ್ತೆ.

ಜಾಬ್ ಕಾರ್ಡಿಗೆ (ಗಾಡಿಗೆ ಏನೇನು ಕೆಲಸ ಅಂತ ಬರೆದ ಕಾಗದ) ಸಹಿ ಹಾಕೋ ಮೊದಲು ಪೂರ್ತಿ ಓದ್ತೀನಿ. ಬೇಡದ ಸಾಲುಗಳನ್ನು ಅಲ್ಲೇ ತೆಗೆಸ್ತೀನಿ, ಎಸ್ಟಿಮೇಟ್ ವಾಟ್ಸಾಪಿಗೆ ಹಾಕಿಸ್ಕೋತೀನಿ, "ಬೇರೆ ಏನೇ ಮಾಡೋದಿದ್ರೂ ಫೋನ್ ಮಾಡಿ ಕೇಳಿ, ಹಳೇ ಪಾರ್ಟು ಡಿಕ್ಕಿಯಲ್ಲಿಡಿ" ಅಂತ ಕಾರ್ಡಿನ ಮೇಲೇ ಬರೆಸ್ತೀನಿ. ಬಾಯಿ ಮಾತಿಗೆ ಅಲ್ಲಿ ಬೆಲೆ ಇಲ್ಲ, ಕಾಗದಕ್ಕೆ ಇದೆ.

ಸರ್ವೀಸಿಗೆ ಬಿಡೋ ಹಿಂದಿನ ಸಂಜೆ ಮನೆಯಲ್ಲಿ ಮಾಡೋ ಕೆಲಸ ಒಂದಿದೆ. ಗ್ಲೋವ್ ಬಾಕ್ಸಿನ ಎರಡೂ ಬದಿ ಒಳಕ್ಕೆ ಒತ್ತಿದ್ರೆ ಅದು ಕೆಳಗೆ ಬೀಳುತ್ತೆ, ಹಿಂದೆ ಎಸಿ ಫಿಲ್ಟರ್. ಎಳೆದ್ರೆ ಮಡಿಕೆಗಳ ನಡುವೆ ಹೊಂಗೆ ಎಲೆ, ಹೂವಿನ ಪುಡಿ, ಬೂದು ಧೂಳು. ಅದರ ಅಂಚಿನ ಮೇಲೆ ಮಾರ್ಕರಿನಲ್ಲಿ ಸಣ್ಣದಾಗಿ ತಾರೀಖು ಬರೆದು ವಾಪಸ್ ಇಡ್ತೀನಿ. ಏರ್ ಫಿಲ್ಟರಿಗೂ ಹಾಗೇ, ಅದಕ್ಕೆ ಬೇಕಾಗೋದು ಡಬ್ಬಿಯ ಕ್ಲಿಪ್ ಬಿಚ್ಚೋದಷ್ಟೇ. ಒಂದು ಸಲ ಬಿಲ್ಲಿನಲ್ಲಿ ಹೊಸ ಎಸಿ ಫಿಲ್ಟರ್ ಅಂತಿತ್ತು. ತೆಗೆದು ನೋಡಿದ್ರೆ ನನ್ನ ಕೈಬರಹದ ತಾರೀಖೇ ನಗ್ತಾ ಕೂತಿತ್ತು. ಗೇಟ್ ದಾಟೋ ಮೊದಲೇ ತೋರಿಸಿದೆ. ಮ್ಯಾನೇಜರ್ ಬಂದ್ರು, ಫಿಲ್ಟರ್ ಹಾಕಿಸಿದ್ರು, ಕ್ಷಮೆ ಕೇಳಿದ್ರು. ಬೇಕಂತಲೇ ಮಾಡಿದ್ದೋ, ಯಾರೋ ಮರೆತದ್ದೋ, ನಾನು ಕೆದಕಲಿಲ್ಲ. ದುಡ್ಡು ಕೊಟ್ಟ ಮೇಲೆ ಕೆಲಸ ಆಗಿರ್ಬೇಕು, ಅಷ್ಟೇ.

ಗಾಡಿ ವಾಪಸ್ ತಗೊಳ್ಳುವಾಗ ಸೆಂಟರಿನಲ್ಲೇ ಡಿಪ್‌ಸ್ಟಿಕ್ ಕೂಡ ನೋಡ್ಬೇಕು. ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರ್ಲಿ, ಇಂಜಿನ್ ಆಫ್ ಮಾಡಿ ಐದು ನಿಮಿಷ ಬಿಡಿ. ಆಯಿಲ್ ಎರಡು ಗುರುತುಗಳ ನಡುವೆ ಇರ್ಬೇಕು. ಮೇಲಿನ ಗುರುತು ದಾಟಿದ್ರೆ ಅದೂ ಕೆಟ್ಟದ್ದೇ, ತೆಗೆಸಿ. ಆಯಿಲ್ ಗ್ರೇಡ್ (ಎಷ್ಟು ತೆಳು, ಎಷ್ಟು ದಪ್ಪ ಅಂತ ಹೇಳೋ ಅಂಕಿ) ಬಿಲ್ಲಿನಲ್ಲಿ ಏನಿದೆ, ಮ್ಯಾನುಯಲ್‌ನಲ್ಲಿ ಏನಿದೆ, ಎರಡೂ ಹೊಂದಬೇಕು. ನನ್ನದಕ್ಕೆ 0ಡಬ್ಲ್ಯೂ-20. ದಪ್ಪ ಆಯಿಲ್ ಹಾಕಿದ್ರೆ ಇಂಜಿನ್‌ಗೆ ಒಳ್ಳೇದು ಅನ್ನೋ ಸಲಹೆಗೆ ನಾನು ಒಪ್ಪಲ್ಲ.

ವಾರಂಟಿ ಇರೋವಾಗ ಹೊರಗಡೆ ಮಾಡಿಸಬಹುದಾ ಅಂತ ತುಂಬ ಜನ ಕೇಳ್ತಾರೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ದಂಡ ಹಾಕಿದ ಆದೇಶದಲ್ಲಿ ಇದರ ಮಾತೂ ಇತ್ತು: ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ಪೂರ್ತಿ ವಾರಂಟಿ ರದ್ದು ಅನ್ನೋ ಷರತ್ತು ಹಾಕುವಂತಿಲ್ಲ, ಹೊರಗಿನ ಕೆಟ್ಟ ಕೆಲಸದಿಂದ ಹಾಳಾದದ್ದಕ್ಕೆ ಮಾತ್ರ ನಿರಾಕರಿಸಬಹುದು. ಆಮೇಲೆ ಅದು ಮೇಲ್ಮನವಿಗೆ ಹೋಯ್ತು. ಕೌಂಟರಿನಲ್ಲಿ ಇವತ್ತಿಗೂ "ವಾರಂಟಿ ಹೋಗುತ್ತೆ ಸಾರ್" ಅಂತಾನೇ ಹೇಳ್ತಾರೆ. ಅದಕ್ಕಾಗಿ ವಾದ ಮಾಡೋಕೆ ನನಗೆ ಸಮಯ ಇಲ್ಲ, ವಾರಂಟಿ ಮುಗಿಯೋ ತನಕ ಅಧಿಕೃತ ಸೆಂಟರಿನಲ್ಲೇ, ಹೇಳಿದ ತಾರೀಖಿನೊಳಗೆ ಮಾಡಿಸಿ ಬಿಲ್ಲು ಇಟ್ಟುಕೊಳ್ತೀನಿ. ಮುಗಿದ ಮೇಲೆ ಆಯಿಲ್, ಬ್ರೇಕ್, ಸಸ್ಪೆನ್ಷನ್ ಕೆಲಸ ನಮ್ಮ ಏರಿಯಾದ ಗ್ಯಾರೇಜಿನಲ್ಲಿ. ಪಾರ್ಟು, ಆಯಿಲ್ ನಾನೇ ಕಂಪನಿಯ ಬಿಡಿಭಾಗದ ಅಂಗಡಿಯಿಂದ ತಗೊಂಡು ಹೋಗ್ತೀನಿ. ಏರ್‌ಬ್ಯಾಗ್ ಲೈಟ್, ಸಾಫ್ಟ್‌ವೇರ್, ರೀಕಾಲ್ (ದೋಷ ಸರಿಪಡಿಸೋಕೆ ಕಂಪನಿಯೇ ಗಾಡಿ ಕರೆಸೋದು) ಇಂಥದ್ದಕ್ಕೆ ಮಾತ್ರ ಸೆಂಟರು.

ಅಡ್ವೈಸರ್ ಹತ್ತಿರ ಬಗೆಹರೀದೇ ಇದ್ರೆ ಮೊದಲು ಸರ್ವೀಸ್ ಮ್ಯಾನೇಜರಿಗೆ, ಆಮೇಲೆ ಕಂಪನಿಯ ಕಸ್ಟಮರ್ ಕೇರಿಗೆ ಜಾಬ್ ಕಾರ್ಡ್ ನಂಬರ್ ಹಾಕಿ ಇಮೇಲ್ ಮಾಡಿ. ಫೋನಿನಲ್ಲಿ ಅರ್ಧ ಗಂಟೆ ಮಾತಾಡೋದಕ್ಕಿಂತ ಫೋಟೋ ಜೊತೆ ನಾಲ್ಕು ಸಾಲಿನ ಇಮೇಲ್ ಬೇಗ ಕೆಲಸ ಮಾಡುತ್ತೆ. ಅದಕ್ಕೂ ಜಗ್ಗದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ದೂರು ದಾಖಲಿಸಿದ್ರೆ ಅವರೇ ಕಂಪನಿಗೆ ತಲುಪಿಸ್ತಾರೆ. ಜಾಬ್ ಕಾರ್ಡ್, ಎಸ್ಟಿಮೇಟ್, ಬಿಲ್ಲು ಮೂರನ್ನೂ ಕೈಯಲ್ಲಿಟ್ಟುಕೊಂಡೇ ಫೋನ್ ಮಾಡಿ.