ವಿ-ವನ್ ಬರುವುದರೊಳಗೆ ಆಡಿ ಮುಗಿಸಬೇಕಾದ ಮಾತು

ಏರ್‌ಬಸ್ ಎ320ರ ಎಡಗಡೆ, ಅಂದರೆ ಕ್ಯಾಪ್ಟನ್ ಸೀಟಿನಲ್ಲಿ ಕೂತು ನಾನು ಪಾಲಿಸುವ ಕ್ರಮ ಇದು. ಟೇಕಾಫ್ ಓಟದಲ್ಲಿ ವೇಗ ಸೆಕೆಂಡಿಗೆ ನಾಲ್ಕೈದು ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಏರುತ್ತಿರುತ್ತದೆ. 140 ನಾಟ್‌ನಲ್ಲಿ ಪ್ರತಿ ಸೆಕೆಂಡಿಗೂ 72 ಮೀಟರ್ ರನ್‌ವೇ ಮುಗಿಯುತ್ತದೆ. ಟೇಕಾಫ್ ನಿಲ್ಲಿಸಲು ಶುರು ಮಾಡಬಹುದಾದ ಕೊನೆಯ ವೇಗವೇ ವಿ-ವನ್. ಆ ಓಟದಲ್ಲಿ ಚರ್ಚೆ ಸಾಧ್ಯವಿಲ್ಲ. ಪಾರ್ಕಿಂಗ್ ಬ್ರೇಕ್ ಹಾಕಿರುವಾಗಲೇ ಅದನ್ನು ಮುಗಿಸಿಕೊಳ್ಳುತ್ತೇನೆ.

ಈ ಮುಂಚಿನ ಮಾತುಕತೆಯನ್ನು, ಅಂದರೆ ಬ್ರೀಫಿಂಗನ್ನು, ಮಗ್ಗಿಯಂತೆ ಒಪ್ಪಿಸಿದರೆ ಯಾರ ತಲೆಗೂ ಹೋಗುವುದಿಲ್ಲ. ಬೆಂಗಳೂರಿನ 4,000 ಮೀಟರ್ ರನ್‌ವೇಯಲ್ಲಿ ನಿಲ್ಲಿಸುವುದೇ ಬೇರೆ, ಜುಲೈ ಮಳೆಯಲ್ಲಿ ಮಂಗಳೂರಿನ 2,450 ಮೀಟರ್ ಟೇಬಲ್‌ಟಾಪ್‌ನಲ್ಲಿ (ಗುಡ್ಡದ ತುದಿಯ ರನ್‌ವೇಯಲ್ಲಿ) ನಿಲ್ಲಿಸುವುದೇ ಬೇರೆ. ಆ ದಿನದ ರನ್‌ವೇ, ಗಾಳಿ, ಇಂಜಿನ್ ಕೆಟ್ಟರೆ ತಿರುಗಬೇಕಾದ ದಿಕ್ಕು ಇಷ್ಟನ್ನು ಹೇಳಿ, ಪಕ್ಕದ ಸಹ ಪೈಲಟ್ ಆದ ಫಸ್ಟ್ ಆಫೀಸರ್‌ಗೆ ಒಂದು ಪ್ರಶ್ನೆ ಕೇಳುತ್ತೇನೆ: "110 ನಾಟ್‌ನಲ್ಲಿ ಬಲಗಡೆ ಇಂಜಿನ್ ಫೈರ್ ಬಂದರೆ ನೀವು ಏನು ಹೇಳ್ತೀರಿ?" ಉತ್ತರ ಅವರ ಬಾಯಿಂದಲೇ ಬರಬೇಕು.

ಬರಬೇಕಾದ ಉತ್ತರ "ಇಂಜಿನ್ ಟು ಫೈರ್", ಅಷ್ಟೇ. ಕಂಡದ್ದನ್ನು ಹೇಳುವುದು ಅವರ ಕೆಲಸ, ನಿಲ್ಲುವುದೋ ಹೋಗುವುದೋ ಎಂದು ತೀರ್ಮಾನಿಸುವುದು ನನ್ನದು. ನಮ್ಮಲ್ಲಿ ಹಿರಿಯರೊಡನೆ ಮಾತು "ಸರ್" ಎಂದೇ ಶುರುವಾಗುತ್ತದೆ. "ಸರ್, ಅದು..." ಎನ್ನುವಷ್ಟರಲ್ಲಿ ಐದು ನಾಟ್ ಹೋಗಿರುತ್ತದೆ. ಆದ್ದರಿಂದ ಓಟ ಶುರುವಾದ ಮೇಲೆ ನನ್ನನ್ನು ಸರ್ ಅನ್ನಬೇಡಿ ಎಂದು ಮೊದಲೇ ತಿಳಿಸಿರುತ್ತೇನೆ.

100 ನಾಟ್‌ಗಿಂತ ಕೆಳಗೆ ನನ್ನ ನಿಯಮ ಸಡಿಲ. ಅಲ್ಲಿ ಪಕ್ಕದವರ ಬರೀ ಅನುಮಾನವೂ ನಿಲ್ಲಿಸಲು ಸಾಕು. 1982ರ ಜನವರಿ 13ರಂದು ವಾಷಿಂಗ್ಟನ್‌ನಲ್ಲಿ ಏರ್ ಫ್ಲಾರಿಡಾ 90 ವಿಮಾನ ಹಿಮದ ನಡುವೆ ಓಡುತ್ತಿದ್ದಾಗ, ಹಾರಿಸುತ್ತಿದ್ದ ಫಸ್ಟ್ ಆಫೀಸರ್ ಇದು ಸರಿಯಿಲ್ಲ ಎಂದು ಒಂದಕ್ಕಿಂತ ಹೆಚ್ಚು ಸಲ ಹೇಳಿದರು. ಸೆನ್ಸರ್‌ನಲ್ಲಿ ಮಂಜು ಕಟ್ಟಿ ಇಂಜಿನ್ ಮಾಪಕ ಇಲ್ಲದ ಶಕ್ತಿಯನ್ನು ತೋರಿಸುತ್ತಿತ್ತು. ಕ್ಯಾಪ್ಟನ್ ಮುಂದುವರಿಸಿದರು. 78 ಜನ ಸತ್ತರು.

"ಹಂಡ್ರೆಡ್ ನಾಟ್ಸ್" ಎಂಬ ಕೂಗು ಎರಡೂ ಕಡೆಯ ವೇಗಮಾಪಕ ಹೋಲಿಸುವುದಕ್ಕಷ್ಟೇ ಅಲ್ಲ. ಹಾರಿಸುತ್ತಿರುವವರಿಂದ "ಚೆಕ್ಡ್" ಬರದಿದ್ದರೆ ಅವರಿಗೆ ಪ್ರಜ್ಞೆ ಇದೆಯೇ ಎಂದು ನೋಡಬೇಕು. 100 ದಾಟಿದ ಮೇಲೆ ನಿಲ್ಲಿಸುವ ಕಾರಣಗಳು ಕೆಲವೇ: ಬೆಂಕಿ, ಥ್ರಸ್ಟ್ (ಇಂಜಿನ್ನಿನ ತಳ್ಳುವ ಶಕ್ತಿ) ಏಕಾಏಕಿ ಬೀಳುವುದು, ದೊಡ್ಡ ಹಾನಿ, ವಿಮಾನ ಹಾರಲಾರದು ಎನ್ನುವ ಸ್ಪಷ್ಟ ಲಕ್ಷಣ. 80 ನಾಟ್‌ನಿಂದ 1,500 ಅಡಿ ಏರುವ ತನಕ ಎ320 ತಾನಾಗಿಯೇ ಸಣ್ಣಪುಟ್ಟ ಎಚ್ಚರಿಕೆಗಳನ್ನು ತಡೆಹಿಡಿಯುತ್ತದೆ.

ವಿ-ವನ್ ಬಂದಾಗ ಯೋಚಿಸೋಣ ಎಂಬುದು ದೊಡ್ಡ ತಪ್ಪು ತಿಳಿವಳಿಕೆ. ನಿಲ್ಲಿಸುವ ಮೊದಲ ಕ್ರಿಯೆ ಆ ವೇಗದೊಳಗೆ ಶುರುವಾಗಿರಬೇಕು. ಯಾರೇ ಹಾರಿಸುತ್ತಿರಲಿ, ವಿ-ವನ್ ತನಕ ಥ್ರಸ್ಟ್ ಲಿವರ್ ಮೇಲೆ ನನ್ನ ಕೈ ಇರುತ್ತದೆ. ಆಮೇಲೆ ಕೈ ತೆಗೆಯುತ್ತೇನೆ.

"ಸ್ಟಾಪ್" ಎಂದರೆ ವಿಮಾನ ನನ್ನ ಕೈಗೆ ಬಂತು ಎಂದೂ ಅರ್ಥ. ಲಿವರ್ ಐಡಲ್‌ಗೆ, ಒಡನೆಯೇ ಪೂರ್ತಿ ರಿವರ್ಸ್ (ಇಂಜಿನ್ ಶಕ್ತಿಯನ್ನು ಎದುರು ದಿಕ್ಕಿಗೆ ತಿರುಗಿಸುವುದು). ಫಸ್ಟ್ ಆಫೀಸರ್ "ರಿವರ್ಸ್ ಗ್ರೀನ್" (ರಿವರ್ಸ್ ತೆರೆದಿದೆ), "ಡಿಸೆಲ್" (ವೇಗ ಇಳಿಯುತ್ತಿದೆ) ಎಂದು ಕೂಗಿ, ಎಚ್ಚರಿಕೆಯ ಸದ್ದು ಆರಿಸಿ, ಟವರ್‌ಗೆ ತಿಳಿಸುತ್ತಾರೆ. 72 ನಾಟ್‌ಗಿಂತ ಕೆಳಗೆ ರೆಕ್ಕೆ ಮೇಲಿನ ಹಲಗೆಗಳಾದ ಸ್ಪಾಯ್ಲರ್ ಏಳುವುದಿಲ್ಲ, ಹಾಗಾಗಿ ಆಟೋಬ್ರೇಕ್ ಹಿಡಿಯುವುದಿಲ್ಲ. "ಡಿಸೆಲ್" ಕೇಳಿಸದಿದ್ದರೆ ಪೆಡಲ್ ತುಳಿಯುವುದೊಂದೇ ದಾರಿ. ನಿಂತ ತಕ್ಷಣ ಪಾರ್ಕಿಂಗ್ ಬ್ರೇಕ್, ನಂತರ ಕ್ಯಾಬಿನ್ ಧ್ವನಿವರ್ಧಕ ಪಿಎಯಲ್ಲಿ "ಅಟೆನ್ಶನ್, ಕ್ರೂ ಅಟ್ ಸ್ಟೇಷನ್ಸ್" (ಸಿಬ್ಬಂದಿ ತಮ್ಮ ಜಾಗದಲ್ಲೇ ಸಿದ್ಧರಿರಿ). ಇದು ತಡವಾದರೆ ಇಂಜಿನ್ ಓಡುತ್ತಿರುವಾಗಲೇ ಹಿಂದೆ ಯಾರಾದರೂ ಬಾಗಿಲು ತೆರೆಯಬಹುದು.

"ಗೋ" ಎಂಬುದನ್ನೂ ಅಷ್ಟೇ ಜೋರಾಗಿ ಹೇಳುತ್ತೇನೆ. ಕ್ಯಾಪ್ಟನ್ ಸುಮ್ಮನಿದ್ದರೆ ಪಕ್ಕದವರಿಗೆ ಅವರು ತೀರ್ಮಾನಿಸಿದರೋ ಕಂಗೆಟ್ಟರೋ ತಿಳಿಯುವುದಿಲ್ಲ.

ವಿ-ವನ್ ನಂತರ ನಿಲ್ಲಿಸಬಾರದೆಂಬ ನಿಯಮಕ್ಕೆ ಒಂದೇ ಅಪವಾದ: ವಿಮಾನ ಹಾರಲಾರದು ಎಂದಾದಾಗ. 2017ರ ಮಾರ್ಚ್ 8ರಂದು ಅಮೆರಿಕದ ವಿಲ್ಲೋ ರನ್‌ನಲ್ಲಿ ಎಂಡಿ-83 ವಿಮಾನದ ಎಲಿವೇಟರ್ (ಮೂಗನ್ನು ಏರಿಸಿಳಿಸುವ ಬಾಲದ ಹಲಗೆ) ಸಿಕ್ಕಿಕೊಂಡು ಮೂಗು ಏಳಲೇ ಇಲ್ಲ. ಹಾರಿಸುತ್ತಿದ್ದವರು ವಿ-ವನ್ ದಾಟಿದ ಮೇಲೆ ನಿಲ್ಲಿಸಿದರು. ಅವರ ಕೆಲಸ ನೋಡಲು ಪಕ್ಕದಲ್ಲಿ ಕೂತಿದ್ದ ಚೆಕ್ ಪೈಲಟ್ ಕಂಟ್ರೋಲ್ ಕಿತ್ತುಕೊಳ್ಳಲಿಲ್ಲ. ರನ್‌ವೇ ಮೀರಿ ಹೋದರೂ 116 ಜನರೂ ಬದುಕಿದರು.

ಒಂದೇ ಇಂಜಿನ್‌ನಲ್ಲಿ ಮೇಲೆದ್ದಾಗ ಮೂಗು 12.5 ಡಿಗ್ರಿ, ವಿಮಾನವನ್ನು ನೇರ ಹಿಡಿಯಲು ರಡರ್, ಗೇರ್ ಅಪ್ (ಚಕ್ರ ಒಳಕ್ಕೆ). 400 ಅಡಿಯವರೆಗೆ ಇಕ್ಯಾಮ್ (ದೋಷವನ್ನೂ ಮಾಡಬೇಕಾದ ಕ್ರಮವನ್ನೂ ತೋರಿಸುವ ಪರದೆ) ಹೇಳುವ ಕೆಲಸ ಮುಟ್ಟುವುದಿಲ್ಲ. 2015ರ ಫೆಬ್ರವರಿ 4ರಂದು ತೈಪೆಯಲ್ಲಿ ಟ್ರಾನ್ಸ್‌ಏಷ್ಯಾ 235 ವಿಮಾನದ ಎರಡನೇ ಇಂಜಿನ್ ಶಕ್ತಿ ಕಳೆದುಕೊಂಡಿತ್ತು, ಆದರೆ ಲಿವರ್ ಎಳೆದದ್ದು ಚೆನ್ನಾಗಿದ್ದ ಒಂದನೇ ಇಂಜಿನ್ನಿನದು. 43 ಜನ ಸತ್ತರು. ಹಾರಿಸುತ್ತಿರುವಾಗ ನಾನು ಲಿವರ್ ಮೇಲೆ ಕೈಯಿಟ್ಟು "ಥ್ರಸ್ಟ್ ಲಿವರ್ ಒನ್, ಕನ್ಫರ್ಮ್?" ಎನ್ನುತ್ತೇನೆ. ಫಸ್ಟ್ ಆಫೀಸರ್ ನನ್ನ ಕೈ ನೋಡಿ "ಕನ್ಫರ್ಮ್ಡ್" ಎಂದ ಮೇಲೇ ಎಳೆಯುವುದು. ಇಂಜಿನ್ ಆರಿಸುವ ಮಾಸ್ಟರ್ ಸ್ವಿಚ್, ಫೈರ್ ಬಟನ್‌ಗಳಲ್ಲಿ ಕೈ ಅವರದು, ನೋಡುವ ಕಣ್ಣು ನನ್ನದು. ಪರದೆ ನೋಡುತ್ತಲೇ ಉತ್ತರ ಕೊಟ್ಟರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮತ್ತೊಮ್ಮೆ ಕೇಳುತ್ತೇನೆ.