ಬಾಲ ನ್ಯಾಯ ಕಾಯ್ದೆ: ಹೈಸ್ಕೂಲಿನಲ್ಲಿ ಮೂರು ಪಿರಿಯಡ್‌ಗಳ ಪಾಠ

ಒಂಬತ್ತು, ಹತ್ತನೇ ತರಗತಿಗೆ ಈ ವಿಷಯ ಹೇಳಲು 40 ನಿಮಿಷದ ಮೂರು ಪಿರಿಯಡ್ ಸಾಕು. 2015ರ ಕಾಯ್ದೆಯ ಕಲಂಗಳನ್ನು ಓದಿಸುತ್ತ ಹೋದರೆ ಹಿಂದಿನ ಬೆಂಚು ಹತ್ತೇ ನಿಮಿಷಕ್ಕೆ ಆಕಳಿಸುತ್ತದೆ. ಒಂದು ಕಲ್ಪಿತ ಪ್ರಕರಣ ಹಿಡಿದು ಮೂರೂ ದಿನ ಅದನ್ನೇ ಬೆಳೆಸಿ: 17 ವರ್ಷದ ಹುಡುಗ ಆಟದ ಮೈದಾನದ ಬದಿಯಲ್ಲಿಟ್ಟಿದ್ದ ಚೀಲದಿಂದ ಮೊಬೈಲ್ ಕದ್ದಿದ್ದಾನೆ. ಊರು, ಹೆಸರು ಬೇಡ. ಸುತ್ತಮುತ್ತ ನಡೆದ ನಿಜ ಘಟನೆಯನ್ನಂತೂ ತರಲೇಬೇಡಿ. ಆ ಹುಡುಗನ ತಂಗಿ ಅದೇ ಕ್ಲಾಸಿನಲ್ಲಿ ಕೂತಿರಬಹುದು.

ಮೊದಲ ದಿನ ಬೋರ್ಡಿನ ಮೇಲೆ ಗೆರೆ ಎಳೆದು 7, 12, 16, 18 ಎಂದು ಗುರುತು ಹಾಕಿ. 7 ತುಂಬದ ಮಗು ಮಾಡಿದ್ದು ಅಪರಾಧವೇ ಅಲ್ಲ. 7ರಿಂದ 12ರೊಳಗೆ, ಮಾಡಿದ್ದರ ಪರಿಣಾಮ ತಿಳಿಯುವಷ್ಟು ಬುದ್ಧಿ ಬಲಿತಿರದಿದ್ದರೆ ಅಪರಾಧವಲ್ಲ. 18 ತುಂಬುವವರೆಗೆ ಪ್ರಕರಣ ಹೋಗುವುದು ಮಾಮೂಲಿ ಕೋರ್ಟಿಗಲ್ಲ, ಬಾಲ ನ್ಯಾಯ ಮಂಡಳಿಗೆ. ಈಗ ಕೇಳಿ: ಕದ್ದಾಗ 17, ಸಿಕ್ಕಿಬಿದ್ದಾಗ 18 ತುಂಬಿತ್ತು, ಆಗ? ಹೆಚ್ಚಿನವರು ತಪ್ಪುವುದು ಇಲ್ಲೇ. ಲೆಕ್ಕಕ್ಕೆ ಬರುವುದು ಕೃತ್ಯ ನಡೆದ ದಿನದ ವಯಸ್ಸು, ಆದ್ದರಿಂದ ಮಂಡಳಿಯೇ. ಮುಂದೆ ಶಿಕ್ಷೆಯ ಪ್ರಮಾಣ: ಸಾಮಾನ್ಯ ಕಳವಿಗೆ ಗರಿಷ್ಠ 3 ವರ್ಷ, ಹಾಗಾಗಿ ಅದು ಸಣ್ಣ ಅಪರಾಧ. ಅದೇ ಮೊಬೈಲನ್ನು ಮನೆಯೊಳಗಿಂದ ಕದ್ದಿದ್ದರೆ 7 ವರ್ಷದವರೆಗೆ ಶಿಕ್ಷೆ ಇದೆ, ಗಂಭೀರ ಅಪರಾಧ ಆಗುತ್ತದೆ.

ಎರಡನೇ ದಿನ ಆರಾರು ಜನರ ಗುಂಪು ಮಾಡಿ, ಪ್ರತಿ ಗುಂಪಿಗೂ ಕಲಸಿದ ಏಳು ಚೀಟಿ ಕೊಡಿ. ಐದು ಸರಿಯಾದವು: ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಗೆ ಒಪ್ಪಿಸಿದರು, ಹೆತ್ತವರಿಗೆ ತಿಳಿಸಿದರು, 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಿದರು, ಜಾಮೀನು ಸಿಕ್ಕಿತು, ಪರಿವೀಕ್ಷಣಾಧಿಕಾರಿ (ಹುಡುಗನ ಹಿನ್ನೆಲೆ ವಿಚಾರಿಸುವ ಪ್ರೊಬೇಷನ್ ಆಫೀಸರ್) ಮನೆಯ ಪರಿಸ್ಥಿತಿಯ ವರದಿ ಕೊಟ್ಟರು. ಎರಡು ತಪ್ಪು: ಕೈಕೋಳ ಹಾಕಿದರು, ರಾತ್ರಿ ಲಾಕಪ್ಪಿನಲ್ಲಿಟ್ಟರು. ತಪ್ಪು ಚೀಟಿ ತೆಗೆದು, ಉಳಿದವನ್ನು ಕ್ರಮವಾಗಿ ಜೋಡಿಸಲಿ. ಸಿನಿಮಾ ನೋಡಿ ಬೆಳೆದ ಮಕ್ಕಳು ಲಾಕಪ್ ಚೀಟಿಯನ್ನು ಬಿಡಲು ಸುಲಭಕ್ಕೆ ಒಪ್ಪುವುದಿಲ್ಲ. ಅದಕ್ಕೆ ಹತ್ತು ನಿಮಿಷ ಮೀಸಲಿಡಿ.

ಮೂರನೇ ದಿನ ಅಣಕು ಮಂಡಳಿ. ಕಟಕಟೆ, ಕರಿಕೋಟು, 'ಆರ್ಡರ್ ಆರ್ಡರ್' ಬೇಡ. ಮಂಡಳಿಯ ಕೋಣೆ ಕೋರ್ಟಿನಂತೆ ಕಾಣಬಾರದು, ಎತ್ತರದ ಪೀಠವೂ ಇರಬಾರದು ಎಂಬುದೇ ನಿಯಮ. ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು (ಇವರಲ್ಲಿ ಒಬ್ಬರಾದರೂ ಮಹಿಳೆ), ತಾಯಿ ಅಥವಾ ತಂದೆ, ಪರಿವೀಕ್ಷಣಾಧಿಕಾರಿ ಸರಿಸಮ ಕುರ್ಚಿಗಳಲ್ಲಿ ಕೂರಲಿ. ಆರೋಪ ಹೊತ್ತ ಹುಡುಗನ ಪಾತ್ರವನ್ನು ಯಾರಿಗೂ ಕೊಡಬೇಡಿ, ಆ ಕುರ್ಚಿ ಖಾಲಿ ಇರಲಿ. ಕೊಟ್ಟರೆ 'ಕಳ್ಳ' ಅನ್ನುವ ಅಡ್ಡಹೆಸರು ವರ್ಷವಿಡೀ ಅಂಟಿಕೊಳ್ಳುತ್ತದೆ. ಬುದ್ಧಿವಾದ ಹೇಳಿ ಮನೆಗೆ ಕಳಿಸುವುದು, ಆಪ್ತಸಮಾಲೋಚನೆ, ಸಮುದಾಯ ಸೇವೆ, ಹೆತ್ತವರಿಗೆ ದಂಡ, ಗರಿಷ್ಠ 3 ವರ್ಷ ವಿಶೇಷ ಗೃಹ (ಇಂಥ ಮಕ್ಕಳನ್ನು ಇರಿಸಿಕೊಂಡು ತಿದ್ದುವ ವಸತಿ): ಇವುಗಳಲ್ಲಿ ಆರಿಸಿ, ಪ್ರತಿ ಗುಂಪು ಕಾರಣಸಮೇತ ಅರ್ಧ ಪುಟದ ಆದೇಶ ಬರೆಯಲಿ. ಕಾರಣ ಬರೆಯದ ಆದೇಶವನ್ನು ವಾಪಸ್ ಕೊಡಿ.

'ಕೊಲೆ ಮಾಡಿದ್ರೂ ಇಷ್ಟೇನಾ ಸರ್?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಇಷ್ಟೇ ಅಲ್ಲ. 16 ತುಂಬಿದವರು ಘೋರ ಅಪರಾಧ (ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಹೆಚ್ಚು ಇರುವಂಥದ್ದು) ಎಸಗಿದ್ದರೆ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ಮಾಡಿ, ಅಂದರೆ ಪರಿಣಾಮ ತಿಳಿದೇ ಮಾಡಿದ್ದನೇ ಎಂದು ಅಳೆದು, ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಅಲ್ಲಿಯೂ ಮರಣದಂಡನೆ ಇಲ್ಲ, ಬಿಡುಗಡೆಯ ಅವಕಾಶವಿಲ್ಲದ ಜೀವಾವಧಿಯೂ ಇಲ್ಲ.

'ನಿಮ್ಮಲ್ಲಿ ಯಾರ ಮನೆಯಲ್ಲಿ ಕೇಸ್ ಇದೆ' ಎಂದು ಕೈ ಎತ್ತಿಸಬೇಡಿ. ಪಾಠ ಮುಗಿದ ಮೇಲೆ ಯಾರಾದರೂ ಒಂಟಿಯಾಗಿ ಮಾತಾಡಲು ಬಂದರೆ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಕೇಳಬೇಡಿ. ಮಕ್ಕಳ ಸಹಾಯವಾಣಿ 1098 ಮತ್ತು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಫೋನ್ ನಂಬರ್ ಮೊದಲೇ ಬರೆದಿಟ್ಟುಕೊಂಡಿರಿ.